ಅಂಬಿಗರ ಗಣಪಿಯ ಮಾರುತಿ ಕಾರು

ನಮ್ಮಣ್ಣ ಗಣಪಿ ಕುಮಟೆಗೂ ಭಟ್ಕಳಕ್ಕೂ ನಡುವೆ ಟೆಂಪೋ ಬಿಡುತ್ತಿದ್ದ ಕಾಲದಲ್ಲಿ ಅವನ ಗಾಡಿ ಹತ್ತುವವರು ಎರಡೇ ತರ. ಬಸ್ಸು ತಪ್ಪಿದವರು, ಇಲ್ಲವೇ ಅವನ ಗುರುತಿಲ್ಲದವರು. ಗುರುತಿದ್ದವರು ಇಡಗುಂಜಿ ಗಣಪತಿಗೆ ಒಂದು ಕಾಯಿ ಹೇಳಿಕೊಂಡೇ ಒಳಗೆ ಕೂರುತ್ತಿದ್ದರು. ನಾನು ಅವನ ಸ್ವಂತ ತಂಗಿ, ನಾನೂ ಹೇಳಿಕೊಂಡಿದ್ದೇನೆ. ಹಾಗಂತ ಅವನು ಅಷ್ಟು ವರ್ಷಗಳಲ್ಲಿ ಒಂದು ಕೋಳಿಗೂ ಗಾಯ ಮಾಡಿದವನಲ್ಲ. ಗೇರುಸೊಪ್ಪೆ ರಸ್ತೆಯ ತಿರುವಿನಲ್ಲಿ ಎಮ್ಮೆ ಮಲಗಿದ್ದರೆ ಅದರ ಬಾಲ ಯಾವ ಕಡೆ ಇದೆ ಎಂದು ಮೊದಲೇ ಗೊತ್ತಿದ್ದವನಂತೆ ಗಾಡಿ ತಿರುಗಿಸುತ್ತಿದ್ದ. ಒಳಗಿದ್ದವರಿಗೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು.

ಇಂಥವನು ಹುಟ್ಟಿದ್ದು ದೋಣಿಯವರ ಮನೆಯಲ್ಲಿ. ನಮ್ಮದು ಕಾಸರಕೋಡು, ಶರಾವತಿಯ ಈಚೆ ದಡ. ಆಚೆ ದಡಕ್ಕೆ ಹೊನ್ನಾವರ. ಸೇತುವೆ ಇಲ್ಲದ ಕಾಲದಲ್ಲಿ ಎರಡು ದಡದ ನಡುವೆ ಜನರನ್ನು ದಾಟಿಸುತ್ತಿದ್ದವರಲ್ಲಿ ನಮ್ಮಪ್ಪ ಹೊನ್ನ ಅಂಬಿಗ ಒಬ್ಬ. ಮದುವೆಯ ದಿಬ್ಬಣ, ಬಾಣಂತಿ, ಅಕ್ಕಿ ಚೀಲ, ಆಡು, ಕೋರ್ಟಿಗೆ ಹೋಗುವ ಅಣ್ಣತಮ್ಮಂದಿರು, ಎಲ್ಲರೂ ಅವನ ದೋಣಿಯಲ್ಲೇ. ಜಗಳ ಆಡಿಕೊಂಡು ಹತ್ತಿದವರೂ ನಡು ಹೊಳೆಯಲ್ಲಿ ಗಾಳಿ ಬೀಸಿದಾಗ ಸುಮ್ಮನಾಗುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದ. ಆ ಸುಮ್ಮನಾಗುವುದನ್ನು ಅವನು ತನ್ನದೇ ಸಂಪಾದನೆ ಎನ್ನುವಂತೆ ಹೇಳುತ್ತಿದ್ದ.

ಸೇತುವೆ ಆಯಿತು. ಜನ ಅದರ ಮೇಲೆ ಹೋದರು. ಅಪ್ಪ ಅತ್ತವನಲ್ಲ, ಕರೆದವನಲ್ಲ. ಅಂದಿನಿಂದ ಒಂದೇ ಹಟ ಹಿಡಿದ. ಈ ಹೊಳೆಯನ್ನು ತಾನು ದಾಟುವುದಾದರೆ ನೀರಿನ ಮೇಲೇ. ರೇಶನ್ನು, ಸಂತೆ, ನೆಂಟರ ಮನೆ, ಆಚೆ ದಡದ ಕೆಲಸ ಯಾವುದಿದ್ದರೂ ತನ್ನ ಸಣ್ಣ ದೋಣಿ ಬಿಚ್ಚುತ್ತಿದ್ದ. ನನ್ನ ಮದುವೆಗೆ ಜವಳಿ ತಂದಿದ್ದೂ ಆ ದೋಣಿಯಲ್ಲೇ, ಒಂದು ಸೀರೆಗೆ ನೀರು ಹಾರಿ ಅಂಚು ಬಣ್ಣ ಬಿಟ್ಟಿತ್ತು. ಮುಂದೆ ಕೊಂಕಣ ರೈಲಿನ ಸೇತುವೆಯೂ ಬಂತು. ಅಪ್ಪ ಅದು ಕಣ್ಣಿಗೆ ಬೀಳದ ಹಾಗೆ ಜಗಲಿಯ ಮೇಲಿದ್ದ ಮಂಚವನ್ನು ತಿರುಗಿಸಿ ಹಾಕಿಕೊಂಡ, ಅಷ್ಟೇ.

ಇಂಥ ಅಪ್ಪನ ಒಬ್ಬನೇ ಮಗ ಹುಟ್ಟು ಹಿಡಿಯದೆ ಸ್ಟೇರಿಂಗ್ ಹಿಡಿದ. ‘ನಮ್ಮ ಗಣಪಿ ಸೇತುವೆಯವರ ಕಡೆ ಸೇರಿದ’ ಎಂದು ಅಪ್ಪ ಮೊದಮೊದಲು ನಗುತ್ತಾ ಹೇಳಿದ. ಆಮೇಲೆ ನಗು ಹೋಯಿತು, ಮಾತು ಉಳಿಯಿತು. ಒಂದೇ ಸೂರಿನಡಿ ಇಬ್ಬರೂ ಮಳೆಯ ಬಗ್ಗೆ, ಮೀನಿನ ಬಗ್ಗೆ, ಉಪ್ಪಿನಕಾಯಿಯ ಬಗ್ಗೆ ಮಾತಾಡುತ್ತಿದ್ದರು. ರಸ್ತೆಯ ಬಗ್ಗೆ ಮಾತ್ರ ಇಲ್ಲ. ಅಣ್ಣ ಟೆಂಪೋ ಬಿಟ್ಟು ಹೆದ್ದಾರಿ ಬದಿಯಲ್ಲಿ ಸಣ್ಣದೊಂದು ಗ್ಯಾರೇಜು ಹಾಕಿದಾಗ ಊರಿಗೆಲ್ಲ ಪಾಯಸ ಆಯಿತು. ಅಪ್ಪ ಪಾಯಸ ಕುಡಿದ, ಗ್ಯಾರೇಜು ನೋಡಲು ಹೋಗಲಿಲ್ಲ. ನನ್ನನ್ನು ಕೊಟ್ಟದ್ದು ಅದೇ ಕೇರಿಯಲ್ಲಿ ಎರಡು ಮನೆ ಆಚೆಗೆ. ಹಾಗಾಗಿ ಈ ಮೌನವನ್ನು ನಾನು ದಿನಾ ನೋಡಿದವಳು.

ತೊಂದರೆ ಶುರುವಾದದ್ದು ಅಪ್ಪನ ಕಣ್ಣಿನಿಂದ. ಎರಡೂ ಕಣ್ಣಿಗೆ ಪೊರೆ ಬಂತು. ತಟ್ಟೆಯಲ್ಲಿದ್ದ ಮೀನಿನ ಮುಳ್ಳನ್ನು ಬೆರಳಿನಿಂದ ಹುಡುಕುವಷ್ಟಾಯಿತು. ಭುಜವೂ ಸೋತಿತ್ತು. ದೋಣಿಯನ್ನು ಅಂಗಳದಲ್ಲಿ ಎರಡು ತೆಂಗಿನ ಕೊರಡಿನ ಮೇಲೆ ಕವುಚಿ ಹಾಕಿಯಾಗಿತ್ತು. ಕಣ್ಣಿನ ಡಾಕ್ಟರು ಇದ್ದದ್ದು ಕುಮಟೆಯಲ್ಲಿ. ಕುಮಟೆಗೆ ಹೋಗಬೇಕಾದರೆ ಹೊಳೆ ದಾಟಬೇಕು. ಸೇತುವೆ ಮೇಲೆ ಅಪ್ಪ ಬರುವವನಲ್ಲ. ಪಕ್ಕದ ಕೇರಿಯವರ ದೋಣಿಯಲ್ಲಾದರೂ ಕೂತು ಹೋಗು ಎಂದರೆ, ‘ಬೇರೆಯವರ ದೋಣಿಲಿ ಕೂತು ಹೋಪು ಅಂಬಿಗ ಎಲ್ಲಾದ್ರೂ ಉಂಟಾ?’ ಎನ್ನುತ್ತಿದ್ದ. ಕಣ್ಣು ಹೋದರೂ ಸರಿ, ಮಾತು ಹೋಗಬಾರದು.

ಅಣ್ಣ ಸೆಕೆಂಡ್ ಹ್ಯಾಂಡ್ ಕಾರು ತಂದದ್ದು ಇದಕ್ಕೇ. ತೊಂಬತ್ತೊಂಬತ್ತರಲ್ಲಿ, ಕುಮಟೆಯಲ್ಲಿ ಬ್ಯಾಂಕಿನಲ್ಲಿದ್ದ ಅನಂತಮೂರ್ತಿ ಎನ್ನುವವರಿಂದ. ಹಳೆಯ ಮಾಡೆಲ್ಲಿನ ಬಿಳಿ ಮಾರುತಿ, ಹಿಂದೆ ಡಿಕ್ಕಿಯ ಬಾಗಿಲು ಮೇಲಕ್ಕೆ ಎತ್ತುವಂಥದ್ದು. ಉಪ್ಪುಗಾಳಿಗೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಅಣ್ಣ ತಗಡು ಕತ್ತರಿಸಿ ಬೆಸೆದ, ಬಣ್ಣ ಹೊಡೆದ. ಹಿಂದಿನ ಸೀಟಿಗೆ ಹೊಸ ಸ್ಪಂಜು ತುಂಬಿಸಿ ಕಂದು ಬಣ್ಣದ ಬಟ್ಟೆ ಹೊಲಿಸಿದ. ಅಪ್ಪನ ಬೆನ್ನಿಗೆಂದು ಒಂದು ದಿಂಬು ಬೇರೆ. ಅಪ್ಪ ಒಂದು ಸಲ ಆ ಸೀಟಿನಲ್ಲಿ ಕೂತು ಹೊಳೆ ದಾಟಬೇಕು, ಕಣ್ಣು ಮಾಡಿಸಿಕೊಂಡು ಬರಬೇಕು. ಅಣ್ಣನಿಗೆ ಜೀವನದಲ್ಲಿ ಬೇಕಾಗಿದ್ದು ಆಗ ಅದೊಂದೇ.

ಅಪ್ಪ ಸೀಟನ್ನು ಕೈಯಿಂದ ಒತ್ತಿ ನೋಡಿ, ‘ಮೆತ್ತಗಿದ್ದು. ಯಾರಾದ್ರೂ ಕೂತ್ಕಳ್ಳಿ’ ಎಂದ. ತಾನು ಕೂರಲಿಲ್ಲ.

ಹೀಗೇ ಎರಡು ಮಳೆಗಾಲ ಹೋದವು. ಅತ್ತಿಗೆ ಸರೋಜಾ ಬೇಡಿಕೊಂಡಳು, ನಾನು ಬೈದೆ, ಅಪ್ಪ ಜಗ್ಗಲಿಲ್ಲ. ಕಾರು ಮಾತ್ರ ವಾರಕ್ಕೊಮ್ಮೆ ತೊಳೆಸಿಕೊಂಡು ಅಂಗಳದಲ್ಲಿ ಕವುಚಿದ ದೋಣಿಯ ಪಕ್ಕ ನಿಂತಿರುತ್ತಿತ್ತು. ಹಿಂದಿನ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಅಣ್ಣ ತೆಗೆದಿರಲಿಲ್ಲ. ಅದನ್ನು ಮೊದಲು ತೆಗೆಯುವುದು ಅಪ್ಪನಿಗಾಗಿ ಎಂದಿತ್ತು.

ಅಷ್ಟರಲ್ಲಿ ಭಟ್ಕಳದ ಮೊಹಿದ್ದೀನ್ ಬಂದ. ದುಬೈಯಲ್ಲಿ ಕೆಲಸ ಮಾಡಿ ವಾಪಸಾಗಿ ಭಟ್ಕಳದಲ್ಲಿ ಕಾರಿನ ಸಾಮಾನಿನ ಅಂಗಡಿ ಇಟ್ಟವನು. ಅಣ್ಣನ ಟೆಂಪೋ ಕಾಲದ ದೋಸ್ತ್, ಅವನ ಗಾಡಿಯಲ್ಲಿ ಖುಷಿಯಿಂದ ಕೂರುತ್ತಿದ್ದ ಏಕೈಕ ಮನುಷ್ಯ. ಭಟ್ಕಳದ ಹತ್ತಿರದ ಬೋಳುಗುಡ್ಡದ ಮೇಲೆ ಯಾವುದೋ ಮೋಟಾರು ಕ್ಲಬ್ಬಿನವರು ಚಳಿಗಾಲದಲ್ಲಿ ಕಾರಿನ ರೇಸು ಇಡುತ್ತಾರೆ, ಕೆಮ್ಮಣ್ಣಿನ ಟ್ರ್ಯಾಕು, ಹಳೇ ಮಾರುತಿಗೆಂದೇ ಬೇರೆ ಪಂಗಡ ಇದೆ ಎಂಬ ಸುದ್ದಿ ತಂದ.

‘ಗಣಪಿ ಭಾಯ್, ಜೋರು ಬಿಡ್ತೀಯ ಅಂತ ಇಷ್ಟು ವರ್ಷ ಬೈಸ್ಕೊಂಡೆ. ಅಲ್ಲಿ ಜೋರು ಬಿಟ್ಟರೆ ಚಪ್ಪಾಳೆ ಹೊಡೀತಾರೆ’ ಎಂದ.

ಅಣ್ಣನ ಮುಖ ನಾನು ನೋಡಿದೆ. ಹಬ್ಬದ ದಿನ ಹೊಸ ಅಂಗಿ ಸಿಕ್ಕ ಹುಡುಗನ ಮುಖ. ಆದರೆ ಅವನು ‘ಇಲ್ಲ ಮಾರಾಯ, ಈ ಕಾರು ಬೇರೆ ಕೆಲಸಕ್ಕೆ ಇಟ್ಟದ್ದು’ ಎಂದ. ಅಪ್ಪ ಜಗಲಿಯ ಮೇಲಿಂದ ಇದನ್ನು ಕೇಳಿಸಿಕೊಂಡು, ‘ಎಂತ ಕೆಲಸಕ್ಕೆ? ನನ್ನ ಕಟ್ಟಿ ಹಾಕಿ ಒಯ್ಯೂಕಾ? ನಾ ಸತ್ತ ಮೇಲೆ ಒಯ್ಯಿ, ಆಗ ಬ್ಯಾಡ ಅನ್ನೂದಿಲ್ಲ’ ಎಂದ.

ಅಣ್ಣನಿಗೆ ಸಿಟ್ಟು ಬಂದರೆ ಮಾತು ಬರುವುದಿಲ್ಲ, ಕೈ ಓಡುತ್ತದೆ. ಸೀದಾ ಹೋಗಿ ಸ್ಪ್ಯಾನರ್ ತಂದ. ಹಿಂದಿನ ಸೀಟಿನ ಬೋಲ್ಟು ಬಿಚ್ಚಿದ. ಪ್ಲಾಸ್ಟಿಕ್ ಹೊದಿಕೆಯ ಸಮೇತ ಸೀಟನ್ನು ಎತ್ತಿ ಅಂಗಳಕ್ಕೆ ಹಾಕಿದ. ‘ಕೂರುವವರಿಲ್ಲದ ಸೀಟು ಯಾಕೆ?’ ಎಂದು ಹೇಳಿದ್ದು ಯಾರಿಗೂ ಅಲ್ಲ. ದಿಂಬು ಉರುಳಿ ದೋಣಿಯ ಕೆಳಗೆ ಹೋಯಿತು. ಅತ್ತಿಗೆ ಅದನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂದಿತ್ತು.

ಆಮೇಲಿನ ದಿನಗಳು ಮಾತ್ರ ಚಂದ ಇದ್ದವು. ಈಗಲೂ ನೆನೆದರೆ ಮೂಗಿಗೆ ಪೆಟ್ರೋಲಿನ, ತುಕ್ಕಿನ, ಹಳೇ ಸ್ಪಂಜಿನ ವಾಸನೆ ಬರುತ್ತದೆ. ರೇಸಿನ ಕಾರೆಂದರೆ ಏನೋ ಹೊಸದಾಗಿ ಸೇರಿಸುವುದು ಎಂದು ನಾನು ತಿಳಿದಿದ್ದೆ. ಅಲ್ಲವಂತೆ, ಇರುವುದನ್ನು ತೆಗೆಯುವುದಂತೆ. ಹಗುರಾದಷ್ಟೂ ಓಟ ಜಾಸ್ತಿ. ಮುಂದೆ ಡ್ರೈವರನ ಪಕ್ಕದ ಸೀಟು ಹೋಯಿತು. ನೆಲದ ರತ್ನಗಂಬಳಿ, ಮಾಡಿನ ಬಟ್ಟೆ, ಬಾಗಿಲಿನ ಒಳಗಿನ ಹಲಗೆ, ರೇಡಿಯೋ, ಸಿಗರೇಟಿನ ಬೂದಿ ಡಬ್ಬಿ, ಬಾಗಿಲಿನ ಗಾಜುಗಳು, ಎಲ್ಲವೂ ಒಂದೊಂದಾಗಿ ಹೊರಗೆ ಬಂದವು. ಸೀಟಿನಡಿಯಲ್ಲಿ ಅನಂತಮೂರ್ತಿಯವರ ಮನೆಯ ಮಗುವಿನ ಒಂದು ಬೆಳ್ಳಿಯ ಗೆಜ್ಜೆ ಸಿಕ್ಕಿತು. ಅಣ್ಣ ಕೆಲಸ ನಿಲ್ಲಿಸಿ ಅದನ್ನು ಕುಮಟೆಗೆ ಮುಟ್ಟಿಸಿ ಬಂದ. ಅತ್ತಿಗೆ ಬಾಗಿಲಿನ ಹಲಗೆಯನ್ನು ಕೋಳಿಗೂಡಿಗೆ ಹಾಕಿಕೊಂಡಳು. ನಮ್ಮ ಕೇರಿಯಲ್ಲಿ ಮೆತ್ತನೆಯ ಬಾಗಿಲಿನ ಕೋಳಿಗೂಡು ಇದ್ದದ್ದು ಅವಳಿಗೊಬ್ಬಳಿಗೇ.

ಎಲ್ಲಕ್ಕಿಂತ ಕಷ್ಟವಾದದ್ದು ನೆಲಕ್ಕೆ ಅಂಟಿಸಿದ್ದ ಡಾಂಬರಿನ ಹಾಳೆಗಳು. ಕಾರಿನೊಳಗೆ ಸದ್ದು ಬರಬಾರದೆಂದು ಕಂಪನಿಯವರು ಹಾಕಿರುತ್ತಾರೆ, ಒಳ್ಳೇ ಭಾರ. ಉಳಿಯಿಂದ ಕೆರೆದರೆ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಅಂಟುತ್ತಿತ್ತು. ದುಬೈಯಲ್ಲಿ ಇದನ್ನು ತಣ್ಣಗೆ ಮಾಡಿ ಒಡೆಯುತ್ತಾರೆ ಎಂದು ಮೊಹಿದ್ದೀನ್ ಹೇಳಿದ. ತಣ್ಣಗೆ ಮಾಡುವುದಕ್ಕೆ ಕಾಸರಕೋಡಿನಲ್ಲಿ ಕೊರತೆಯೇ? ಬಂದರಿನ ಐಸ್ ಪ್ಲಾಂಟಿನಿಂದ ಮೀನಿಗೆ ಹಾಕುವ ಐಸಿನ ದಿಮ್ಮಿ ಬಂತು. ಅದನ್ನು ಪುಡಿ ಮಾಡಿ, ಉಪ್ಪು ಬೆರೆಸಿ, ಬಂಗಡೆ ಪೆಟ್ಟಿಗೆ ತುಂಬಿದ ಹಾಗೆ ಕಾರಿನ ನೆಲದ ತುಂಬ ಸುರಿದರು. ಸ್ವಲ್ಪ ಹೊತ್ತು ಬಿಟ್ಟು ಸುತ್ತಿಗೆಯಿಂದ ತಟ್ಟಿದರೆ ಡಾಂಬರು ಹಪ್ಪಳದ ಹಾಗೆ ಮುರಿದು ಬಂತು. ಹಾದಿಯಲ್ಲಿ ಹೋಗುತ್ತಿದ್ದ ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ನಿಂತು, ‘ಗಣಪಿ, ಕಾರು ಹಾಳಾಗ್ತದೆ ಅಂತ ಐಸ್ ಹಾಕಿಟ್ಯಾ?’ ಎಂದು ನಕ್ಕರು.

ಅಪ್ಪ ಜಗಲಿಯಲ್ಲಿ ಕೂತೇ ಇದ್ದ. ಕಣ್ಣಿಗೆ ಮಬ್ಬು, ಕಿವಿ ಮಾತ್ರ ಚುರುಕು. ಐಸು ಕರಗಿದ ನೀರು ಕಾರಿನ ನೆಲದ ತೂತುಗಳಿಂದ ಕೆಳಗೆ ಸುರಿಯುತ್ತಿತ್ತು. ಆ ತೂತುಗಳಿಗೆ ರಬ್ಬರಿನ ಬೂಚು ಇತ್ತು, ಮೊಹಿದ್ದೀನನ ಮಾತಿನಂತೆ ಅಣ್ಣ ಅವನ್ನು ಕಿತ್ತಿದ್ದ. ‘ಟ್ರ್ಯಾಕಿನಲ್ಲಿ ನೀರಿನ ಗುಂಡಿ ಇರ್ತದೆ. ಗಾಜು ಇಲ್ಲ, ನೀರು ಒಳಗೆ ಬರೋದೇ. ಬಂದ ನೀರು ಹಾಗೇ ಕೆಳಗೆ ಹೋಗ್ಬೇಕು’ ಎಂದು ಅವನು ಹೇಳಿಕೊಟ್ಟಿದ್ದ. ಇದನ್ನೆಲ್ಲ ಅಪ್ಪನಿಗೆ ಯಾರೂ ಹೇಳಿರಲಿಲ್ಲ. ರಸ್ತೆಯ ಮಾತು ಅವನ ಹತ್ತಿರ ಆಡುವ ಪದ್ಧತಿಯೇ ಇರಲಿಲ್ಲವಲ್ಲ. ಅಪ್ಪ ಕಿವಿ ಕೊಟ್ಟು ಕೇಳಿದ.

‘ಉಮಾ, ಅದೆಂತ ಸೋರೂ ಶಬ್ದ?’

‘ಕಾರಿನಿಂದ ನೀರು ಬೀಳ್ತಾ ಉಂಟು ಅಪ್ಪ.’

‘ಅಡಿಯಿಂದನ?’

‘ಹೌದು, ಅಡಿಯಿಂದ.’

ಅವನು ಬಹಳ ಹೊತ್ತು ಆ ಶಬ್ದವನ್ನೇ ಕೇಳುತ್ತ ಕೂತಿದ್ದ.

ಒಳಗೆಲ್ಲ ಬೋಳಾದ ಮೇಲೆ ಅಣ್ಣ ನೆಲಕ್ಕೆ ಕೆಂಪು ಪ್ರೈಮರ್ ಹೊಡೆದ. ಕಾರು ಮಗುಚಿದರೆ ತಲೆ ಉಳಿಯಲೆಂದು ಒಳಗೆ ದಪ್ಪ ಪೈಪು ಬಗ್ಗಿಸಿ ಗೂಡಿನಂತೆ ಬೆಸೆದ. ಮೊಹಿದ್ದೀನ್ ಎಲ್ಲಿಂದಲೋ ಒಂದು ಬೆಲ್ಟಿನ ಸೀಟು ತಂದು ಡ್ರೈವರನ ಜಾಗದಲ್ಲಿ ಕೂರಿಸಿದ. ಕಾರಿನಲ್ಲಿದ್ದ ಸೀಟು ಅದೊಂದೇ. ರೇಸಿನ ಹಿಂದಿನ ದಿನ ಇಬ್ಬರೂ ಹೆಸರು ಬರೆಸಿ ಬರಲು ಭಟ್ಕಳಕ್ಕೆ ಹೋದರು.

ಅವತ್ತು ಮಧ್ಯಾಹ್ನ ಅತ್ತಿಗೆ ಓಡಿ ನಮ್ಮ ಮನೆಗೆ ಬಂದಳು. ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು, ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ‘ಉಮಾ, ಬಾ ನೋಡು. ಮಾವ ಕಾರಿನೊಳಗೆ ಕೂತಿದ್ರು’ ಎಂದಳು.

ಬೇಲಿಯ ಮರೆಯಲ್ಲಿ ನಿಂತು ನೋಡಿದೆವು. ಅಪ್ಪ ಕಾರಿನ ಬೋಳು ನೆಲದಲ್ಲಿ ಮೊಣಕಾಲೂರಿ ಕೂತಿದ್ದ. ಬೆರಳಿನಿಂದ ತಗಡಿನ ಏಣುಗಳನ್ನು ಒಂದೊಂದಾಗಿ ಸವರುತ್ತಿದ್ದ. ಏಣು, ತಗ್ಗು, ಏಣು. ದೋಣಿಯ ಒಳಮೈಯನ್ನು ಅವನು ಹಾಗೇ ಸವರುತ್ತಿದ್ದದ್ದನ್ನು ನಾನು ಸಣ್ಣವಳಿದ್ದಾಗ ಎಷ್ಟೋ ಸಲ ನೋಡಿದ್ದೆ. ಪಕ್ಕದಲ್ಲಿ ಒಲೆಯ ಮೇಲೆ ರಾಳದ ಪುಡಿ ಎಣ್ಣೆಯಲ್ಲಿ ಕಾಯುತ್ತಿತ್ತು. ದೋಣಿಯ ಸಂದಿಗೆ ಹತ್ತಿ ತುರುಕಿ ಮೇಲೆ ಈ ರಾಳ ಬಳಿಯುವುದು ನಮ್ಮವರ ಪದ್ಧತಿ. ಕಾಸರಕೋಡಿನಲ್ಲಿ ಯಾರ ಅಂಗಳಕ್ಕೂ ಆ ವಾಸನೆ ಹೊಸದಲ್ಲ. ಎಷ್ಟೋ ವರ್ಷದ ಮೇಲೆ ಮುದುಕನಿಗೆ ದೋಣಿಯ ನೆನಪಾಗಿದೆ, ಹಾಗೇ ಕಾರನ್ನೂ ಮುಟ್ಟಿ ನೋಡುತ್ತಿದ್ದಾನೆ ಎಂದುಕೊಂಡೆವು. ಮಾತಾಡಿಸಿದರೆ ಎಲ್ಲಿ ಎದ್ದು ಹೋಗುತ್ತಾನೋ ಎಂದು ಕಾಲು ಸಪ್ಪಳ ಮಾಡದೆ ವಾಪಸು ಬಂದೆವು. ನಾವಿಬ್ಬರು ಜಾಣೆಯರು ಅವತ್ತು ಖುಷಿಗೆ ಎರಡು ಸಲ ಚಾ ಕುಡಿದೆವು.

ಮರುದಿನ ಬೆಳಿಗ್ಗೆ ಐಸ್ ಲಾರಿಯ ಮೇಲೆ ಕಾರನ್ನು ಹಗ್ಗ ಬಿಗಿದು ಕಟ್ಟಿಕೊಂಡು ಬೋಳುಗುಡ್ಡಕ್ಕೆ ಹೋದೆವು. ಅಪ್ಪ ಗೇಟಿನವರೆಗೆ ಬಂದು ನಿಂತಿದ್ದ, ಅದೇ ನಮಗೆ ದೊಡ್ಡದು. ಗುಡ್ಡದ ಮೇಲೆ ಜನವೋ ಜನ. ಟೈರುಗಳನ್ನು ಸಾಲಾಗಿ ಜೋಡಿಸಿ ಹಾದಿ ಮಾಡಿದ್ದರು. ನಡುವೆ ಒಂದು ಕಡೆ ತಗ್ಗು ತೋಡಿ ಟ್ಯಾಂಕರಿನಿಂದ ನೀರು ತುಂಬಿಸಿದ್ದರು, ಕಾರು ಅದಕ್ಕೆ ನುಗ್ಗುವಾಗ ನೀರು ಹಾರುವುದೇ ಜನಕ್ಕೆ ತಮಾಷೆ. ಒಬ್ಬೊಬ್ಬರಾಗಿ ಮೂರು ಸುತ್ತು ಹೊಡೆಯಬೇಕು, ಯಾರು ಬೇಗ ಮುಗಿಸುತ್ತಾರೋ ಅವರಿಗೆ ಬಹುಮಾನದ ಕಪ್ಪು. ಪರೀಕ್ಷೆ ಮಾಡುವವರು ಬೆಲ್ಟು, ಬ್ಯಾಟರಿ, ಪೈಪಿನ ಗೂಡು ನೋಡಿ ತಲೆಯಾಡಿಸಿದರು. ನೆಲ ಯಾರು ನೋಡುತ್ತಾರೆ?

ಅಣ್ಣನ ಮೊದಲ ಸುತ್ತು ಈಗಲೂ ನನ್ನ ಕಣ್ಣಲ್ಲಿದೆ. ಹೆಲ್ಮೆಟ್ಟು ಹಾಕಿದ ನಮ್ಮಣ್ಣ ನಮ್ಮಣ್ಣನ ಹಾಗೆ ಕಾಣಿಸುತ್ತಿರಲಿಲ್ಲ, ತಿರುವಿನಲ್ಲಿ ಮಾತ್ರ ಅವನೇ. ಕೆಂಪು ಧೂಳೆಬ್ಬಿಸಿ ಹಿಂಭಾಗ ಒಂದಿಷ್ಟು ಜಾರಿಸಿ ಮತ್ತೆ ನೆಟ್ಟಗಾಗುವುದನ್ನು ನೋಡಿ ಮೈಕಿನವನು ಹೊನ್ನಾವರದ ಹುಲಿ ಎಂದು ಕೂಗಿದ. ಜನ ಚಪ್ಪಾಳೆ ಹೊಡೆದರು. ಅತ್ತಿಗೆ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಕಲೆ ಬಿತ್ತು. ಆ ಸುತ್ತಿನ ಹೊತ್ತು ಲೆಕ್ಕ ಹಾಕಿದರೆ ಅವನೇ ಎಲ್ಲರಿಗಿಂತ ಮುಂದೆ ಇದ್ದ.

ಎರಡನೇ ಸುತ್ತಿನಲ್ಲಿ ಕಾರು ಭಾರವಾದಂತೆ ಕಾಣಿಸಿತು. ನೀರಿನ ಗುಂಡಿ ದಾಟಿ ಬಂದ ಮೇಲೆ ಏಕೋ ಎಳೆಯುತ್ತಿರಲಿಲ್ಲ. ಮೂರನೇ ಸುತ್ತಿನಲ್ಲಿ ಗುಂಡಿ ದಾಟಿ ಕೊನೆಯ ತಿರುವಿಗೆ ಬಂದು ಬ್ರೇಕು ಹಾಕಿದ್ದೇ ತಡ, ಕಾರು ನಿಲ್ಲದೆ ಸೀದಾ ಹೋಗಿ ಟೈರಿನ ಸಾಲಿಗೆ ಗುದ್ದಿತು. ಹಿಂದೆ ತೆಗೆದು ಹೇಗೋ ಗೆರೆ ಮುಟ್ಟಿಸಿದ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

ಅಣ್ಣ ಬಾಗಿಲು ತೆಗೆದ. ಒಳಗಿಂದ ನೀರು ಹೊಳೆಯಂತೆ ಹೊರಗೆ ನುಗ್ಗಿ ಅವನ ಕಾಲ ಮೇಲೆ ಸುರಿಯಿತು. ಆಮೇಲೆ ಗುಡ್ಡವೇ ನಕ್ಕಿತು. ಮೈಕಿನವನು, ‘ಹೊನ್ನಾವರದವರು ಮೀನು ಹಿಡ್ಕೊಂಡು ಬಂದಿದ್ದಾರೆ’ ಎಂದ. ಅಣ್ಣನ ಚಪ್ಪಲಿ ನೀರಿನ ಜೊತೆ ತೇಲಿ ಹೊರಗೆ ಬಂದಿತ್ತು. ಬ್ರೇಕು ಹಾಕಿದಾಗೆಲ್ಲ ಹಿಂದಿದ್ದ ನೀರು ಮುಂದೆ ನುಗ್ಗಿ ಕಾಲು ಪೆಡಲಿನಿಂದ ಜಾರುತ್ತಿತ್ತಂತೆ.

ಮೊಹಿದ್ದೀನ್ ಒಳಗೆ ಬಗ್ಗಿ ನೋಡಿ, ‘ಅರೆ, ತೂತು ಎಲ್ಲಿ? ಯಾರು ಮುಚ್ಚಿದ್ದು ಇದನ್ನ?’ ಎಂದು ಕೂಗಾಡಿದ. ಒಂದೊಂದು ತೂತಿಗೂ ಹತ್ತಿ ತುರುಕಿ ಮೇಲೆ ರಾಳ ಬಳಿದಿತ್ತು. ಕಣ್ಣು ಕಾಣುವವನಾದರೆ ಅವು ಕಂಪನಿಯವರೇ ಗುಂಡಗೆ ಕೊರೆದ ತೂತು ಎಂದು ತಿಳಿಯುತ್ತಿತ್ತೇನೋ. ಬೆರಳಿಗೆ ತೂತೆಂದರೆ ತೂತೇ. ಅಡಿಯಲ್ಲಿ ಸೋರುವುದನ್ನು ಕೇಳಿಸಿಕೊಂಡೂ ಸುಮ್ಮನೆ ಮಗನನ್ನು ಕಳಿಸುವ ಅಂಬಿಗ ಇದ್ದಾನೆಯೇ? ಹಿಂದಿನ ದಿನ ಬೇಲಿಯ ಮರೆಯಿಂದ ಕಂಡದ್ದು ಏನೆಂದು ನನಗೂ ಅತ್ತಿಗೆಗೂ ಆಗ ತಿಳಿಯಿತು. ಅಣ್ಣ ರಾಳದ ಮೇಲೆ ಬೆರಳಿಟ್ಟು ಮೂಸಿ ನೋಡಿದ. ಅವನ ಕಿವಿ ಕೆಂಪಾಗಿತ್ತು.

ಲಾರಿಯಲ್ಲಿ ವಾಪಸು ಬರುವಾಗ ಮುರ್ಡೇಶ್ವರ ದಾಟಿದರೂ ಅವನು ಬಾಯಿ ಬಿಡಲಿಲ್ಲ. ‘ಮಾವನ ಹತ್ರ ಜೋರು ಮಾತಾಡಬೇಡಿ, ನಿಮ್ಮ ಕಾಲಿಗೆ ಬೀಳ್ತೆ’ ಎಂದಳು ಅತ್ತಿಗೆ. ಅವನು ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ನನಗೆ ಒಂದೇ ಹೆದರಿಕೆ. ಇವತ್ತು ಇವನು ಬಾಯಿ ತೆರೆದರೆ ಅಪ್ಪ ಮತ್ತೆ ಯಾವತ್ತೂ ಕಾರಿನ ಹತ್ತಿರ ಬರುವುದಿಲ್ಲ, ಕಣ್ಣಿನ ಕತೆ ಅಲ್ಲಿಗೆ ಮುಗಿಯಿತು.

ಅಪ್ಪ ಗೇಟಿನಲ್ಲೇ ಇದ್ದ. ಬೆಳಿಗ್ಗೆಯಿಂದ ಅಲ್ಲೇ ಇದ್ದನೋ ಏನೋ. ಕಾರನ್ನು ಇಳಿಸಿದ ಕೂಡಲೇ ಕೈಯಿಂದ ಹುಡುಕಿಕೊಂಡು ಹತ್ತಿರ ಬಂದ. ಗೆದ್ದೆಯಾ ಎಂದು ಕೇಳಲಿಲ್ಲ.

‘ನೀರಿತ್ತನಾ ಹಾದಿಲಿ?’

‘ಇತ್ತು ಅಪ್ಪ. ದೊಡ್ಡ ಗುಂಡಿ’ ಎಂದ ಅಣ್ಣ.

‘ನಾ ಹಾಕಿದ್ದು ನಿಂತ್ತನಾ?’

ಅಣ್ಣ ಅಪ್ಪನ ಮುಖವನ್ನು ನೋಡಿದ. ಆ ಮಬ್ಬು ಕಣ್ಣುಗಳು ಅವನ ಮುಖ ಎಲ್ಲಿದೆ ಎಂದು ಹುಡುಕುತ್ತಿದ್ದವು.

‘ಗಟ್ಟಿ ನಿಂತಿತ್ತು ಅಪ್ಪ. ಒಂದೂ ಬಿಡಲಿಲ್ಲ.’

ಅಪ್ಪ ಕಾರಿನೊಳಗೆ ಕೈ ಹಾಕಿ ತನ್ನ ಕೆಲಸವನ್ನು ಒಂದೊಂದಾಗಿ ಒತ್ತಿ ನೋಡಿದ. ಮುಖ ಬೆಳಗಿತು. ‘ನಾ ಹಾಕಿದ್ದಲ್ದಾ?’ ಎಂದ. ಸ್ವಲ್ಪ ಹೊತ್ತು ಅಲ್ಲೇ ನಿಂತು ತಗಡನ್ನು ತಟ್ಟಿದ. ಆಮೇಲೆ ತಾನೇ ಹೇಳಿದ, ‘ಅಡಿ ಗಟ್ಟಿಯಾದ ಮೇಲೆ ಇನ್ನೆಂತ ಹೆದರಿಕೆ. ನಾಳೆ ಹೊರಡ್ವ, ಆ ಡಾಕ್ಟ್ರ ಹತ್ರ. ನಿನ್ನ ಸೇತುವೆ ಮೇಲೇ ಹೋಗ್ವ.’

ಅತ್ತಿಗೆ ಒಳಗೆ ಓಡಿದಳು. ಅಳುವುದಕ್ಕೆ ಅಡುಗೆಮನೆಯೇ ಬೇಕು ಅವಳಿಗೆ.

ಮರುದಿನ ಬೆಳಿಗ್ಗೆ ಅಣ್ಣ ಹಿಂದಿನ ಸೀಟನ್ನು ಮತ್ತೆ ಕೂರಿಸಲು ಹೊರಟ. ಅಪ್ಪ ಬೇಡ ಎಂದ. ದೋಣಿಯಲ್ಲಿ ಸೀಟು ಇರುತ್ತದಾ ಎಂದು ಅವನ ಪ್ರಶ್ನೆ. ಗೋಣಿಚೀಲ ಹಾಸಿ, ಕಂದು ದಿಂಬು ಬೆನ್ನಿಗೆ ಕೊಟ್ಟು, ಕಾರಿನ ಬೋಳು ನೆಲದಲ್ಲಿ ಅಪ್ಪನನ್ನು ಕೂರಿಸಿದೆವು. ಪಕ್ಕದಲ್ಲಿ ನಾನು ಮಂಡಿ ಮಡಚಿ ಕೂತೆ. ಸೇತುವೆ ಹತ್ತುವಾಗ ಅಣ್ಣ ಎಷ್ಟು ನಿಧಾನ ಬಿಟ್ಟನೆಂದರೆ ಹಿಂದಿನಿಂದ ಒಬ್ಬ ಸೈಕಲ್ಲಿನವನು ಬೆಲ್ಲು ಹೊಡೆದು ಮುಂದೆ ಹೋದ. ಅವನ ಹೆಸರಿನಲ್ಲಿ ಹರಕೆ ಹೊತ್ತವರೆಲ್ಲ ಅದನ್ನು ನೋಡಬೇಕಿತ್ತು.

ನೆಲದಲ್ಲಿ ಕೂತವರಿಗೆ ಹೊಳೆ ಕಾಣಿಸುವುದಿಲ್ಲ. ಕಂಡರೂ ಅಪ್ಪನಿಗೆ ಕಣ್ಣಿರಲಿಲ್ಲ. ಬಾಗಿಲಿಗೆ ಗಾಜಿಲ್ಲದ್ದರಿಂದ ಗಾಳಿ ಮಾತ್ರ ಒಳಗೆ ಬರುತ್ತಿತ್ತು. ಅಪ್ಪ ಒಂದು ಕೈಯನ್ನು ದೋಣಿಯ ಅಂಚು ಹಿಡಿದ ಹಾಗೆ ಪೈಪಿನ ಮೇಲೆ ಇಟ್ಟುಕೊಂಡಿದ್ದ. ಸ್ವಲ್ಪ ದೂರ ಹೋದ ಮೇಲೆ ತಲೆಯೆತ್ತಿದ.

‘ಗಾಳಿ ತಿರುಗ್ತು. ನಡು ಹೊಳೆ ಇದು’ ಎಂದ.

ನಾನು ಮಂಡಿಯೂರಿ ಎದ್ದು ಹೊರಗೆ ನೋಡಿದೆ. ನಡು ಹೊಳೆಯೇ. ಕೆಳಗೆ ಯಾರದೋ ದೋಣಿ ಸಮುದ್ರದ ಕಡೆ ಹೋಗುತ್ತಿತ್ತು. ಮುಂದಿನ ಕನ್ನಡಿಯಲ್ಲಿ ಅಣ್ಣನ ಕಣ್ಣು ಒದ್ದೆಯಾಗಿದ್ದು ಕಾಣಿಸಿತು. ನನ್ನದೂ ಆಗಿತ್ತು. ಸೇತುವೆ ಮುಗಿದು ಚಕ್ರದ ಸದ್ದು ಬದಲಾಯಿತು.

‘ಆತಾ?’ ಎಂದ ಅಪ್ಪ.

‘ಆತು ಅಪ್ಪ. ದಾಟಿತು.’

‘ಇಷ್ಟೇನಾ?’ ಎಂದು ಅವನು ಸುಮ್ಮನಾದ. ಬಾಯಿಗೆ ಹಾಕಿದ ಎಲೆಯಡಿಕೆ ಇನ್ನೂ ಕೆಂಪಾಗಿರಲಿಲ್ಲ.

ಕುಮಟೆಯಲ್ಲಿ ಒಂದಾದ ಮೇಲೊಂದು ಎರಡೂ ಕಣ್ಣು ಆದವು. ಪಟ್ಟಿ ಬಿಚ್ಚಿ ಮನೆಗೆ ಬಂದ ಅಪ್ಪ ಮೊದಲು ನೋಡಿದ್ದು ಕಾರಿನ ನೆಲವನ್ನು. ಕಪ್ಪು ಕನ್ನಡಕದ ಒಳಗಿಂದ ತನ್ನ ರಾಳದ ಕೆಲಸವನ್ನು ನೋಡಿ, ಒಂದು ಕಡೆ ಸ್ವಲ್ಪ ಜಾಸ್ತಿ ಬಳಿದುಹೋಗಿದೆ ಎಂದು ಬೇಜಾರು ಮಾಡಿಕೊಂಡ. ಆಮೇಲೆ ಅದು ಅವನ ದಿನದ ಕೆಲಸವಾಯಿತು. ಬೆಳಿಗ್ಗೆ ಚಾ ಕುಡಿದು ಕಾರಿನ ಹತ್ತಿರ ಹೋಗುವುದು, ಬಗ್ಗಿ ಒಂದು ಸಲ ಒತ್ತಿ ನೋಡುವುದು, ಎಲ್ಲಾದರೂ ಬಿರುಕು ಕಂಡರೆ ಮತ್ತಷ್ಟು ಬಳಿಯುವುದು. ಬಂದವರಿಗೆಲ್ಲ ತೋರಿಸಿ, ‘ಕಂಪನಿಯವರು ತೂತು ಬಿಟ್ಟಿದ್ರು, ನಾ ಮುಚ್ಚಿದೆ’ ಎನ್ನುತ್ತಿದ್ದ. ಅಣ್ಣ ಪಕ್ಕದಲ್ಲಿ ನಿಂತು ಹೌದು ಹೌದು ಎನ್ನುತ್ತಿದ್ದ.

ಮರು ವರ್ಷ ಮೊಹಿದ್ದೀನ್ ಬಂದು ಗೋಗರೆದ. ‘ಮೊದಲ ಸುತ್ತು ನೆನಪುಂಟಲ್ಲ ಭಾಯ್? ಆ ರಾಳ ಒಂದು ಕಿತ್ತು ಹಾಕು, ಕಪ್ಪು ನಮ್ದೇ.’ ಅಣ್ಣ ಜಗಲಿಯ ಕಡೆ ನೋಡಿ, ‘ಅಪ್ಪ ದಿನಾ ಮುಟ್ಟಿ ನೋಡ್ತಾನೆ ಮಾರಾಯ’ ಎಂದ. ಅದರ ಮರು ವರ್ಷವೂ ಅದೇ ಮಾತು. ಆಮೇಲೆ ಮೊಹಿದ್ದೀನ್ ಕೇಳುವುದನ್ನು ಬಿಟ್ಟ. ರೇಸಿನ ದಿನ ಬಂದಾಗ ಅಣ್ಣ ಗ್ಯಾರೇಜಿನ ಬಾಗಿಲು ಹಾಕಿ ಎಲ್ಲೋ ಹೋಗುತ್ತಿದ್ದ. ಬೋಳುಗುಡ್ಡದ ಬೇಲಿಯ ಹೊರಗೆ ನಿಂತು ನೋಡಿ ಬರುತ್ತಿದ್ದ ಎಂದು ಯಾರೋ ಹೇಳಿದರು. ಹೌದೋ ಎಂದು ನಾನು ಅವನನ್ನು ಕೇಳಲಿಲ್ಲ.

ಅಪ್ಪ ಹೋಗಿದ್ದು ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ, ಕಣ್ಣು ಚೆನ್ನಾಗಿ ಕಾಣುತ್ತಿದ್ದಾಗಲೇ. ಆ ವರ್ಷದ ಮೊದಲ ಮಳೆ ಹಿಡಿದು ಬಿಟ್ಟ ಒಂದು ಬೆಳಿಗ್ಗೆ ನಾನು ತವರಿಗೆ ಹೋದೆ. ಗಾಜಿಲ್ಲದ ಕಾರಿನೊಳಗೆ ಮಳೆಯೆಲ್ಲ ತುಂಬಿತ್ತು. ಅಣ್ಣ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಅಪ್ಪ ದೋಣಿಯಲ್ಲಿಡುತ್ತಿದ್ದ ದೊಡ್ಡ ತೆಂಗಿನ ಗರಟೆಯಿಂದ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದ. ಪ್ರತಿ ಮಳೆಗಾಲದಲ್ಲೂ ಅವನು ಇದನ್ನೇ ಮಾಡುತ್ತಿದ್ದ, ಅಪ್ಪನಿಗೆ ಕಾಣದ ಹೊತ್ತಿನಲ್ಲಿ.

‘ಇನ್ನಾದ್ರೂ ಅದನ್ನ ಕಿತ್ತು ಹಾಕು ಅಣ್ಣ. ನೋಡೂಕೆ ಅಪ್ಪ ಇಲ್ಲ’ ಎಂದೆ.

ಅವನು ಮೊಗೆಯುವುದನ್ನು ನಿಲ್ಲಿಸಲಿಲ್ಲ. ‘ಇರಲಿ’ ಎಂದ. ಆಮೇಲೆ, ‘ದೋಣಿಯಡಿ ಇನ್ನೊಂದು ಗರಟೆ ಉಂಟು, ತಕಂಡು ಬಾ’ ಎಂದ.

ನಾನು ಹೋಗಿ ತಂದೆ. ಸೀರೆ ಎತ್ತಿ ಕಟ್ಟಿಕೊಂಡು ಆಚೆ ಬಾಗಿಲಿನಲ್ಲಿ ಕೂತೆ.